ಗಜಸ್ನಾನ ಮೀಮಾಂಸೆ

ಶಾಸ್ತ್ರ ಬರೆಯ ಹೊರಟವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಪ್ರಕೃತ ಗ್ರಂಥದ ವಿಷಯ ಇಷ್ಟು: ಪುಟ್ಟ ವ್ಯಾನಿಗೆ ಹಾಸಿಗೆ, ಗ್ಯಾಸ್ ಒಲೆ, ಎರಡು ಜೊತೆ ಕೆಸರು ಬೂಟು ಹೇರಿಕೊಂಡು ಜಪಾನಿನ ಬೆಟ್ಟಗಳಿಗೆ ಹೋಗುವುದು, ಬೆಳಿಗ್ಗೆ ಕಾಡುದಾರಿಯಲ್ಲಿ ಓಡುವುದು, ಸಂಜೆ ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವುದು. ಪ್ರಯೋಜನ ವಿವಾದದಲ್ಲಿದೆ. ಸಂಬಂಧ ಅದಕ್ಕಿಂತ ಹೆಚ್ಚು ವಿವಾದದಲ್ಲಿದೆ. ಅಧಿಕಾರಿ ಮಾತ್ರ ಸ್ಪಷ್ಟ: ಬೆವರಿದವನು.

ವಿದ್ವಾಂಸರಲ್ಲಿ ಇಲ್ಲಿ ಎರಡು ಪಂಗಡ. ಓಟವೇ ಪ್ರಧಾನ, ಸ್ನಾನ ಅದರ ಅಂಗ ಎನ್ನುವವರು ಓಟವಾದಿಗಳು. ಸ್ನಾನವೇ ಪ್ರಧಾನ, ಓಟ ಬರೀ ನೆಪ ಎನ್ನುವವರು ಸ್ನಾನವಾದಿಗಳು. ವ್ಯಾನೇ ಪರಮ ಎನ್ನುವ ಮೂರನೆಯ ಪಂಗಡವೂ ಒಂದಿದೆ. ಬಾಡಿಗೆ ಕಟ್ಟಿದವರು ಅವರೇ ಆದ್ದರಿಂದ ಅವರ ಮಾತನ್ನೂ ಒಂದಿಷ್ಟು ಕೇಳಬೇಕಾಗುತ್ತದೆ.

ಮೊದಲು ಪೂರ್ವಪಕ್ಷ. ಓಟವಾದಿಗಳ ಆಕರಬಲ ದೊಡ್ಡದು. ಕ್ಯೋಟೊ ಪಕ್ಕದ ಹಿಯೇಯಿ ಬೆಟ್ಟದ ತೆಂದಾಯ್ ಪಂಥದ ಭಿಕ್ಷುಗಳು ಏಳು ವರ್ಷಗಳಲ್ಲಿ ಹರಡಿಕೊಂಡು ಸಾವಿರ ದಿನದ ನಡಿಗೆ ವ್ರತ ಹಿಡಿಯುತ್ತಾರೆ. ಮೊದಲ ವರ್ಷಗಳಲ್ಲಿ ದಿನಕ್ಕೆ 30 ಕಿಲೋಮೀಟರ್, ಕೊನೆಯ ವರ್ಷದ ನೂರು ದಿನ ದಿನಕ್ಕೆ 84. ಕಾಲಿಗೆ ಹುಲ್ಲಿನ ಚಪ್ಪಲಿ. ಹೆಸರಿಗೆ ಸಾವಿರ ದಿನ, ನಡೆಯುವುದು 975. ಉಳಿದ 25 ದಿನ ಬದುಕಿರುವಷ್ಟು ಕಾಲ ಸಾಧನೆ ಮುಗಿಯುವುದಿಲ್ಲ ಎಂಬುದರ ನೆನಪಿಗೆ. ಇಷ್ಟು ಸೊಗಸಾಗಿ ಬಾಕಿ ಉಳಿಸಿಕೊಳ್ಳುವ ಕಲೆ ಸಾಲಗಾರರಿಗೂ ಬಾರದು.

ಭಿಕ್ಷುಗಳ ಉದಾಹರಣೆ ಬೇಡ, ಸಂಸಾರಿಗಳದ್ದು ಕೊಡಿ ಎಂದರೆ ಅದಕ್ಕೂ ಕೊರತೆಯಿಲ್ಲ. ಕಾರಕೋರಂನ ಹಿಮಕುಸಿತದಲ್ಲಿ 1991ರಲ್ಲಿ ತೀರಿಕೊಂಡ ಪರ್ವತಾರೋಹಿ ಹಾಸೆಗಾವಾ ತ್ಸುನೆಯೊ ಅವರ ನೆನಪಿಗೆ 1993ರಿಂದ ಟೋಕಿಯೊದ ಪಶ್ಚಿಮದ ಒಕುತಾಮಾ ಬೆಟ್ಟಗಳಲ್ಲಿ 71.5 ಕಿಲೋಮೀಟರ್ ಓಟ ನಡೆಯುತ್ತದೆ. ಗಡುವು 24 ಗಂಟೆ. 2002ರಲ್ಲಿ ಶುರುವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ಇನ್ನೊಂದು ಸ್ಪರ್ಧೆಯಲ್ಲಿ ಜಪಾನ್ ಸಮುದ್ರದ ತೊಯಾಮಾ ಕೊಲ್ಲಿಯಿಂದ ಹೊರಟು, ಉತ್ತರ, ಮಧ್ಯ, ದಕ್ಷಿಣ ಆಲ್ಪ್ಸ್ ಮೂರನ್ನೂ ಹತ್ತಿಳಿದು, ಪೆಸಿಫಿಕ್ ದಂಡೆಯ ಸುರುಗಾ ಕೊಲ್ಲಿ ಮುಟ್ಟಬೇಕು. ಸುಮಾರು 415 ಕಿಲೋಮೀಟರ್, ಎಂಟು ದಿನ, ಬೆನ್ನಿಗೆ ಸ್ವಂತ ಗುಡಾರ. ಒಂದು ಸಮುದ್ರದಿಂದ ಇನ್ನೊಂದಕ್ಕೆ ಓಡುವವನಿಗೆ ಸ್ನಾನದ ಆಸೆ ಇದ್ದಿದ್ದರೆ ಹೊರಟಲ್ಲೇ ಮುಳುಗು ಹಾಕಬಹುದಿತ್ತಲ್ಲ ಎಂಬುದು ಓಟವಾದಿಗಳ ಬ್ರಹ್ಮಾಸ್ತ್ರ.

ಸ್ನಾನವಾದಿಗಳು ಇದಕ್ಕೆ ಉತ್ತರವಾಗಿ ಕಾನೂನು ಪುಸ್ತಕ ತೆರೆಯುತ್ತಾರೆ. ಜಪಾನಿನಲ್ಲಿ ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆ, ಎಂದರೇನೆಂದು ಹೇಳಲು 1948ರ ಕಾಯ್ದೆಯೇ ಇದೆ. ನೆಲದಿಂದ ಬರುವಾಗ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಿರಬೇಕು. ಇಲ್ಲವೇ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ಗೊತ್ತಾದ ಪ್ರಮಾಣದಲ್ಲಿರಬೇಕು. ಅಂದರೆ ತಣ್ಣೀರೂ ಕಾನೂನಿನ ಕಣ್ಣಲ್ಲಿ ಬಿಸಿನೀರಿನ ಬುಗ್ಗೆ ಆಗಬಲ್ಲದು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ ಎಂದು ಕಲಬುರಗಿಯವರು ತಕ್ಷಣ ಹಿಡಿಯುತ್ತಾರೆ: ಅಲ್ಲಿನ ಬೋರ್‌ವೆಲ್ ನೀರು 25 ಡಿಗ್ರಿ ದಾಟಿಯೇ ಮೇಲೆ ಬರುತ್ತದೆ. ಜಪಾನಿನ ಕಾಯ್ದೆ ಇಲ್ಲಿಗೂ ಅನ್ವಯಿಸಿದ್ದರೆ ಅಲ್ಲಿನ ಮನೆಮನೆಯ ಬಚ್ಚಲೂ ಆರೋಗ್ಯಧಾಮವಾಗಿ, ಬಾಗಿಲಲ್ಲಿ ಟಿಕೆಟ್ ಹರಿಯುತ್ತಿತ್ತು.

ಇನ್ನು ಸ್ನಾನವಿಧಿ. ಇದನ್ನು ಓದಿದ ಮಡಿ ಅಜ್ಜಿಯರು ಅರ್ಧ ದೂರ ತಲೆದೂಗುತ್ತಾರೆ. ಕೊಳಕ್ಕೆ ಇಳಿಯುವ ಮುಂಚೆ ಸ್ನಾನ ಮಾಡಿರಬೇಕು. ಗೋಡೆಯ ಸಾಲಿನಲ್ಲಿ ಮೊಣಕಾಲೆತ್ತರದ ಪುಟ್ಟ ಮಣೆ, ಮುಂದೊಂದು ನಲ್ಲಿ, ಪಕ್ಕದಲ್ಲಿ ಒಂದು ಬೋಗುಣಿ. ಓಡಿ ಬಂದವನು ಆ ಮಣೆಯ ಮೇಲೆ ಕುಕ್ಕರಿಸಿ, ಮಂಡಿ ಮಡಚುವಾಗ ಒಮ್ಮೆ ನರಳಿ, ಸೋಪು ಹಚ್ಚಿ, ಕಿವಿಯ ಹಿಂದಿನ ಕೆಸರನ್ನೂ ಉಜ್ಜಿ, ನೊರೆಯ ಚೂರೂ ಉಳಿಯದಂತೆ ತೊಳೆದುಕೊಳ್ಳಬೇಕು. ಕೂತ ಮಣೆಗೂ ನೀರು ಸುರಿದು ಏಳಬೇಕು. ಕೈಯಲ್ಲಿರುವ ಚಿಕ್ಕ ಟವೆಲ್ ಕೊಳದ ನೀರಿಗೆ ತಾಗಿದರೆ ಮೈಲಿಗೆ. ಅದಕ್ಕೇ ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ನೀರಿನ ಮೇಲೆ ತೇಲುವ ಹತ್ತಾರು ತಲೆ, ಪ್ರತಿ ತಲೆಗೂ ಬಿಳಿ ಮಡಿಕೆ. ಮೈಮೇಲೆ ಒಂದೆಳೆ ಬಟ್ಟೆಯೂ ಇರುವಂತಿಲ್ಲ ಎಂಬ ಮುಂದಿನ ವಾಕ್ಯಕ್ಕೆ ಅಜ್ಜಿಯರು ಪುಸ್ತಕ ಮುಚ್ಚುತ್ತಾರೆ.

ವ್ಯಾನ್‌ವಾದಿಗಳ ಸರದಿ. ಜಪಾನಿನ ಕೇಯ್ ದರ್ಜೆಯ ಬಂಡಿಗೆ 660 ಸಿಸಿ ಎಂಜಿನ್ನಿನ ಮಿತಿ, ಉದ್ದ 3.4 ಮೀಟರ್, ಅಗಲ 1.48. ಅಂಥದ್ದರ ಬೆನ್ನ ಮೇಲೂ ಮಲಗುವ ಕೋಣೆ ಕಟ್ಟುತ್ತಾರೆ. ಎರಡನೆಯ ದಿನಕ್ಕೆ ಒಳಗೆ ಒದ್ದೆ ಕಾಲುಚೀಲದ ತೋರಣ. ಡ್ಯಾಶ್‌ಬೋರ್ಡಿನ ಮೇಲೆ ಒಣಗಲಿಟ್ಟ ಬೂಟು. ಹಿಂದಿನ ಗಾಜಿಗೆ ಉಸಿರಿನ ಹಬೆ. ಓಟ-ಸ್ನಾನಗಳ ಸಂಬಂಧ ಏನೇ ಇರಲಿ, ಈ ವಾಸನೆಗೆ ಸ್ನಾನವೇ ಪರಿಹಾರ ಎಂಬಲ್ಲಿ ಮೂರೂ ಪಂಗಡಗಳಿಗೆ ಒಮ್ಮತವಿದೆ.

ಮಲಗುವುದೆಲ್ಲಿ? ಇಲ್ಲಿ ಶುದ್ಧ ಮೀಮಾಂಸೆ ಆರಂಭವಾಗುತ್ತದೆ. ಮಿಚಿ ನೊ ಎಕಿ ಎಂಬ ರಸ್ತೆಬದಿಯ ತಂಗುದಾಣಗಳು 1993ರಲ್ಲಿ 103 ನೋಂದಣಿಯಿಂದ ಶುರುವಾಗಿ ಈಗ 1,200 ದಾಟಿವೆ. 24 ಗಂಟೆಯೂ ತೆರೆದ ಶೌಚಾಲಯ, ಪುಕ್ಕಟೆ ಪಾರ್ಕಿಂಗ್, ಊರ ರೈತರು ತಂದಿಟ್ಟ ಮೂಲಂಗಿ, ಎಷ್ಟೋ ಕಡೆ ಅಂಗಳದಲ್ಲೇ ಒನ್ಸೆನ್. ಆದರೆ ಸರ್ಕಾರದ ಮಾತಿನ ಸಾರ ಹೀಗಿದೆ: ದಣಿದ ಚಾಲಕ ಅಪಘಾತ ತಪ್ಪಿಸಲು ಇಲ್ಲಿ ಒರಗಿ ವಿಶ್ರಮಿಸಬಹುದು, ವಸತಿಯ ಉದ್ದೇಶದಿಂದ ರಾತ್ರಿ ಕಳೆಯುವಂತಿಲ್ಲ. ಇದು ವಿಧಿಯೋ ನಿಷೇಧವೋ? ಕಣ್ಣು ಮುಚ್ಚುವ ಕ್ರಿಯೆ ಎರಡರಲ್ಲೂ ಒಂದೇ, ಭೇದವಿರುವುದು ಸಂಕಲ್ಪದಲ್ಲಿ. ಆದ್ದರಿಂದ ವ್ಯಾನ್‌ವಾದಿಗಳು ನಿದ್ದೆಯ ಸಂಕಲ್ಪವಿಲ್ಲದೆ ಎಂಟು ಗಂಟೆ ವಿಶ್ರಮಿಸುತ್ತಾರೆ. ಹೊರಗೆ ಕುರ್ಚಿ ಹಾಕಿ ಒಲೆ ಹಚ್ಚಿದರೆ ಮಾತ್ರ ಸಂಕಲ್ಪ ಬಯಲಾದಂತೆ. ಬಗೆಹರಿಯದ ಅನುಮಾನವಿದ್ದವರು ದುಡ್ಡು ಕೊಟ್ಟು ವ್ಯಾನಿನಲ್ಲೇ ಮಲಗಬಹುದಾದ ಆರ್‌ವಿ ಪಾರ್ಕಿಗೆ ಹೋಗಬೇಕೆಂಬುದು ಈ ಗ್ರಂಥದ ಮತ.

ವ್ಯಾನ್‌ವಾದಕ್ಕೆ ಮರ್ಮಾಘಾತವಾಗುವುದು ಕಾಮಿಕೋಚಿಯಲ್ಲಿ. ಹೊತಾಕಾ ಶಿಖರಗಳ ಬುಡದ ಆ ಕಣಿವೆಗೆ ಖಾಸಗಿ ವಾಹನ ಬಿಡುವುದಿಲ್ಲ. ಸಾವಂದೊದಲ್ಲಿ ವ್ಯಾನ್ ನಿಲ್ಲಿಸಿ ಎಲ್ಲರ ಜೊತೆ ಬಸ್ಸು ಹತ್ತಬೇಕು. ಅಲ್ಲಿಂದಾಚೆ ಕರಡಿಯ ಸೀಮೆ. ಎದುರಾಗಿ ಬೆಚ್ಚದಿರಲಿ ಎಂದು ಬ್ಯಾಗಿಗೆ ಪುಟ್ಟ ಗಂಟೆ ಕಟ್ಟಿಕೊಳ್ಳುವ ರೂಢಿ. ಸಂಜೆ ಬೆಟ್ಟ ಇಳಿಯುವ ಓಟಗಾರರ ಸದ್ದು ಕೇಳಿದರೆ ಕೊಟ್ಟಿಗೆಗೆ ದನ ಮರಳಿದಂತಿರುತ್ತದೆ.

ಈಗ ಸಿದ್ಧಾಂತಕ್ಕೆ ಮುಖ್ಯ ತೊಡಕು. ಒಳ್ಳೆಯ ಬುಗ್ಗೆಗಳು ರಸ್ತೆಯ ತುದಿಯಲ್ಲಿಲ್ಲ. ಯತ್ಸುಗಾತಾಕೆ ಬೆಟ್ಟಸಾಲಿನ ಹೋನ್ಜಾವಾದಲ್ಲಿ ಬಯಲಿಗೆ ತೆರೆದ ಮರದ ತೊಟ್ಟಿ ಇರುವುದು 2,150 ಮೀಟರ್ ಎತ್ತರದಲ್ಲಿ. ಉತ್ತರ ಆಲ್ಪ್ಸ್‌ನ ನಡುಮಧ್ಯದ ತಾಕಾಮಾಗಾಹಾರಾ, ಜಪಾನಿನ ಪುರಾಣದಲ್ಲಿ ದೇವಲೋಕದ ಹೆಸರು ಹೊತ್ತ ಬುಗ್ಗೆ, ಸಾಮಾನ್ಯ ಚಾರಣಿಗರಿಗೆ ಎರಡು ದಿನದ ದಾರಿ. ಹೋದವನು ಹಾಲುಬಣ್ಣದ ನೀರಲ್ಲಿ ಮಿಂದು ನಿರ್ಮಲನಾಗುತ್ತಾನೆ, ಸರಿ. ಆಮೇಲೆ? ಅದೇ ಒದ್ದೆ ಅಂಗಿ ತೊಟ್ಟು ಮತ್ತೆ ಎರಡು ದಿನ ಬೆವರುತ್ತ ಬರಬೇಕು.

ಆನೆ ಹೊಳೆಯಲ್ಲಿ ಚೆನ್ನಾಗಿ ಮಿಂದು, ದಡಕ್ಕೆ ಬಂದ ಕೂಡಲೇ ಸೊಂಡಿಲಿನಿಂದ ಮಣ್ಣೆರಚಿಕೊಳ್ಳುವುದನ್ನು ನಮ್ಮವರು ಗಜಸ್ನಾನ ಎಂದರು, ವ್ಯರ್ಥಕರ್ಮಕ್ಕೆ ಹೋಲಿಸಿದರು. ಆ ಹೋಲಿಕೆ ಇಲ್ಲಿ ಮರುಪರಿಶೀಲನೆಗೆ ಯೋಗ್ಯ. ಆನೆ ಮಣ್ಣೆರಚಿಕೊಳ್ಳುವುದು ಬಿಸಿಲಿಗೆ, ಕೀಟಕ್ಕೆ ತಡೆಯಾಗಿ. ಅದಕ್ಕೆ ಅದರ ಲೆಕ್ಕವಿದೆ. ಓಟಗಾರನ ಲೆಕ್ಕವೂ ಅಂಥದ್ದೇ: ಇಂದಿನ ಬೆವರು ಇಂದಿನ ಸ್ನಾನಕ್ಕೆ ಅರ್ಹತೆ, ಸ್ನಾನದಿಂದ ಸಡಿಲವಾದ ಕಾಲು ನಾಳಿನ ಬೆವರಿಗೆ ಕಾರಣ. ಬೀಜ ಮೊದಲೋ ಮರ ಮೊದಲೋ ಎಂದು ಕೇಳಿದಂತೆಯೇ. ಪ್ರಧಾನವೂ ಇಲ್ಲ, ಅಂಗವೂ ಇಲ್ಲ. ಓಟವಾದಿಗಳೂ ಸ್ನಾನವಾದಿಗಳೂ ಒಂದೇ ಕೊಳದಲ್ಲಿ ತಲೆಗೆ ಟವೆಲ್ ಇಟ್ಟುಕೊಂಡು ಕೂತಿರುವುದನ್ನು ನೋಡಿದವರಿಗೆ ಇದು ಮೊದಲೇ ತಿಳಿದಿತ್ತು.

ಬೆವರಿಲ್ಲದೆ ಅಧಿಕಾರವಿಲ್ಲ ಎಂಬ ಸೂತ್ರಕ್ಕೆ ಅಪವಾದ ಒಂದೇ. ನಾಗಾನೊ ಪ್ರಾಂತ್ಯದ ಜಿಗೊಕುದಾನಿಯ ಕೋತಿಗಳು 1960ರ ದಶಕದಿಂದ ಚಳಿಗಾಲದಲ್ಲಿ ಬಿಸಿನೀರಿಗೆ ಇಳಿಯುತ್ತಿವೆ. ಓಡುವುದಿಲ್ಲ, ಸೋಪು ಹಚ್ಚುವುದಿಲ್ಲ, ಟವೆಲ್ಲಂತೂ ಇಲ್ಲವೇ ಇಲ್ಲ. ಹೀಗೆ ಮೀಯುವ ಹೆಣ್ಣು ಕೋತಿಗಳಲ್ಲಿ ಒತ್ತಡದ ಹಾರ್ಮೋನು ಇಳಿಯುತ್ತದೆಂದು ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಬರೆದರು. ಅವುಗಳನ್ನು ನೋಡಲು ವ್ಯಾನ್ ನಿಲ್ಲಿಸಿ ಕಾಡಿನಲ್ಲಿ ಸುಮಾರು 1.6 ಕಿಲೋಮೀಟರ್ ಹೋಗಬೇಕು. ಎಷ್ಟೇ ಬೆವರಿಕೊಂಡು ಹೋದರೂ ಆ ಕೊಳಕ್ಕೆ ಮನುಷ್ಯರು ಇಳಿಯುವಂತಿಲ್ಲ.