ಚಪ್ಪಲಿ ಮತ್ತು ಗೋಲು

2023ರ ನವೆಂಬರ್ 16, ಗುರುವಾರ. ಮಾರನೇ ದಿನ ಶುಕ್ರವಾರದ ರಜೆ. ಭಾರತ-ಕುವೈತ್ ವಿಶ್ವಕಪ್ ಅರ್ಹತಾ ಪಂದ್ಯ ನೋಡಲು ಸಂಸಾರ ಸಮೇತ ಜಾಬರ್ ಅಲ್-ಅಹ್ಮದ್ ಸ್ಟೇಡಿಯಮ್ಮಿಗೆ ಹೊರಟೆವು. ನನ್ನವಳು ಎಲ್ಲರಿಗೂ ನೀಲಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದಳು. ಆದರೆ ಕುವೈತ್ ತಂಡದ ಅಡ್ಡಹೆಸರೇ ‘ಅಲ್-ಅಜ್ರಕ್’, ಅಂದರೆ ನೀಲಿ! ಒಳ್ಳೆಯದೇ ಆಯ್ತು, ಯಾರು ಗೆದ್ದರೂ ನಾವು ಗೆದ್ದವರ ಕಡೆಯೇ.

ಇಲ್ಲೇ ಕುವೈತಿನಲ್ಲಿ ಹುಟ್ಟಿದ ಮಗ ಕೇಳಿದ: “ಅಪ್ಪಾ, ಇದು ನಮಗೆ ಹೋಮ್ ಮ್ಯಾಚಾ, ಅವೇ ಮ್ಯಾಚಾ?” ಇಪ್ಪತ್ತು ವರ್ಷದಿಂದ ಇಕಾಮಾ (ಇಲ್ಲಿನ ವಾಸದ ಪರವಾನಗಿ) ನವೀಕರಿಸಿಕೊಂಡು ಬಂದಿರುವ ನಾನು ಏನು ಹೇಳಲಿ? “ಸುಮ್ನೆ ಕೂತ್ಕೊಳೋ” ಅಂದೆ.

75ನೇ ನಿಮಿಷ. ಎಡಗಡೆಯಿಂದ ಭಾರತದ ಚಾಂಗ್ಟೆ ಚೆಂಡು ಕೊಟ್ಟ, ಮನ್‌ವೀರ್ ಸಿಂಗ್ ಬಲೆಗೆ ಸೇರಿಸಿದ. ಇದೆಲ್ಲ ನಾನು ಆಮೇಲೆ ಮೊಬೈಲಿನಲ್ಲಿ ನೋಡಿದ್ದು. ಆ ಹೊತ್ತಿಗೆ ಸೀಟಿನಡಿ ಬಗ್ಗಿ ಮಗನ ಚಪ್ಪಲಿ ಹುಡುಕುತ್ತಿದ್ದೆ. ತಲೆಯೆತ್ತಿದರೆ ಸುತ್ತ ಕುಣಿತವೋ ಕುಣಿತ. ಆಫ್‌ಸೈಡ್ ಅಂದರೇನು ಅಂತ ಮೂರು ಸಲ ಕೇಳಿದ್ದ ನನ್ನವಳು, ಗುರುತೇ ಇಲ್ಲದ ಮಲಯಾಳಿ ಅಕ್ಕನನ್ನು ತಬ್ಬಿಕೊಂಡು ಕೂಗುತ್ತಿದ್ದಾಳೆ. ನನ್ನನ್ನು ಕಂಡು ಕೇಳಿದಳು: “ಚಪ್ಪಲಿ ಸಿಕ್ತಾ?”

ಒಂದೇ ಸಿಕ್ಕಿತ್ತು. ಗೋಲೂ ಅಷ್ಟೇ.