ಬರೆಯೋದಕ್ಕೂ ಬಹುಮಾನವೇ?

ಅಮೆರಿಕದ ಕೆಲವು ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಎರಡು ಇಂಗ್ಲಿಷ್. ಒಂದು ಶಾಲೆಯಲ್ಲಿ ಆಡುವುದು. ಇನ್ನೊಂದು ಯಾರೂ ಎಲ್ಲೂ ಆಡದ್ದು, ಪದ ಕೇಳಿ ಅಕ್ಷರ ಬಿಡಿಸಿ ಹೇಳುವ ಸ್ಪೆಲ್ಲಿಂಗ್ ಬೀ ಸ್ಪರ್ಧೆಗೆಂದೇ ಉರು ಹೊಡೆಯುವುದು. ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ನಮೂದುಗಳಿರುವ ವೆಬ್‌ಸ್ಟರ್ ನಿಘಂಟೇ ಇದಕ್ಕೆ ಪಠ್ಯ. ಊಟಕ್ಕೆ ಕೂತಾಗಲೂ ಅಪ್ಪ ಪದ ಒಗೆಯುತ್ತಾನೆ. ಮೂಲ ಗ್ರೀಕೋ ಲ್ಯಾಟಿನ್ನೋ ಎಂದು ಮಗಳು ವಿಚಾರಿಸುವಷ್ಟರಲ್ಲಿ ಸಾರು ಆರಿರುತ್ತದೆ.

ಇಂಥ ಮನೆಗೆ ಚಿಕ್ಕಮಗಳೂರು ಸೀಮೆಯ ವಸ್ತಾರೆಯಿಂದ ಅಜ್ಜಿ ಕಾಫಿಪುಡಿ ಸಮೇತ ಬಂದಿಳಿದಳೆನ್ನಿ.

"ಹೇಳಿದ್ದನ್ನ ಹೇಳಿದ ಹಾಗೇ ಬರೆಯೋದಕ್ಕೂ ಬಹುಮಾನವೇ?" ಕಾಗುಣಿತವನ್ನು ಒಂದನೇ ಕ್ಲಾಸಿಗೇ ಮುಗಿಸಿದವಳ ನ್ಯಾಯವಾದ ಪ್ರಶ್ನೆ. 'ಅ'ಕಾರದಂಥ ಒಂದೇ ಮೆಲುಸದ್ದಿಗೆ ಇಂಗ್ಲಿಷಿನ ಐದೂ ಸ್ವರಾಕ್ಷರಗಳು ಸರದಿಯಲ್ಲಿ ನಿಲ್ಲುತ್ತವೆ ಎಂದು ಮೊಮ್ಮಗಳು ಬಿಡಿಸಿ ಹೇಳಿದಳು. "ಪಾಪ, ಅವರಿಗೆ ಮೇಷ್ಟ್ರು ಸರಿ ಸಿಕ್ಕಿಲ್ಲ" ಎಂದಳು ಅಜ್ಜಿ.

ಬಹುಮಾನವೇನೂ ಚಿಲ್ಲರೆಯಲ್ಲ. 2019ರ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಆಯೋಜಕರ ಬಳಿ ಕಷ್ಟದ ಪದಗಳೇ ಮುಗಿಯುತ್ತ ಬಂದು, ಎಂಟು ಮಕ್ಕಳನ್ನು ಒಟ್ಟಿಗೇ ಗೆಲ್ಲಿಸಿ ತಲಾ 50,000 ಡಾಲರ್ ಕೊಟ್ಟರು. ಅವರಲ್ಲಿ ಏಳು ಮಂದಿ ಭಾರತ ಮೂಲದವರು.

ಅದಕ್ಕೂ ಹತ್ತು ವರ್ಷ ಮೊದಲು, 2009ರಲ್ಲಿ, ಗೆದ್ದವಳು ಕಾನ್ಸಾಸ್‌ನ ಕಾವ್ಯಾ ಶಿವಶಂಕರ್. ಅಪ್ಪನ ಹೆಸರಿನ ಮೊದಲಿಗೇ ಮೈಸೂರು ಸೀಮೆಯ ಮಿರ್ಲೆ ಇದೆ. ವೇದಿಕೆಯಲ್ಲಿ ಅಂಗೈ ಮೇಲೆ ಬೆರಳಲ್ಲೇ ಬರೆದುಕೊಂಡು ಅಕ್ಷರ ಹೇಳುತ್ತಿದ್ದ ಹುಡುಗಿ ಅವಳು. ಗೆಲ್ಲಿಸಿದ ಪದ 'ಲೇಯಾಡಿಸಿಯನ್': ಧರ್ಮ, ರಾಜಕೀಯ ಯಾವುದರಲ್ಲೂ ಆಸಕ್ತಿಯಿಲ್ಲದವ.

"ನಮ್ಮೂರಲ್ಲಿ ಅಂಥವರು ಒಬ್ಬರೂ ಇಲ್ಲ."

2015ರಲ್ಲಿ ತಂಗಿ ವಾನ್ಯಾ ಜಂಟಿಯಾಗಿ ಗೆದ್ದಳು. ಒಡಹುಟ್ಟಿದವರಿಬ್ಬರು ಗೆದ್ದದ್ದು ಅದೇ ಮೊದಲು. ಮರುವರ್ಷವೇ ಹತ್ವಾರ್ ಅಣ್ಣತಮ್ಮಂದಿರು ಆ ಸಾಲಿಗೆ ಸೇರಿದರು: ಶ್ರೀರಾಮ್ 2014ರಲ್ಲಿ, ಜೈರಾಮ್ 2016ರಲ್ಲಿ. ವಾನ್ಯಾಳ ಕೊನೆಯ ಪದ ಕಾಗದ ಕತ್ತರಿಸುವ ಜರ್ಮನ್ ಕಲೆಯ ಹೆಸರು, 'ಶೆರೆನ್‌ಶ್ನಿಟ್ಟೆ'. ಅಜ್ಜಿಗೆ ಕೇಳಿಸಿದ್ದು ಅದರ ಬಾಲ ಮಾತ್ರ. "ನಿಟ್ಟೆಯಾ? ನಮ್ಮಣ್ಣನ ಮಗ ಇಂಜಿನಿಯರಿಂಗ್ ಓದಿದ್ದು ಅಲ್ಲೇ!"

2021ರ ಪದ ಮಾತ್ರ ಅವಳ ಅಡುಗೆಮನೆಗೇ ಬಂತು. ಲೂಸಿಯಾನಾದ ಝೈಲಾ ಅವಾಂಗಾರ್ಡ್ ಗೆದ್ದದ್ದು 'ಮರ್ರಾಯ' ಎಂಬ ಸಸ್ಯಕುಲದ ಹೆಸರಿನಿಂದ. ಸಸ್ಯಶಾಸ್ತ್ರಜ್ಞರು ಬಹುಕಾಲ ಕರಿಬೇವನ್ನು ಇಟ್ಟಿದ್ದು ಈ ಕುಲದಲ್ಲೇ. ವಸ್ತಾರೆಯ ಹಿತ್ತಿಲಲ್ಲಿ ಪುಕ್ಕಟೆ ಬೆಳೆಯುವ ಅದನ್ನು ಇಲ್ಲಿ ಡಾಲರ್ ತೆತ್ತು ಪೊಟ್ಟಣದಲ್ಲಿ ತರಬೇಕಲ್ಲ ಎಂದು ಅಜ್ಜಿ ಹೊಟ್ಟೆ ಉರಿಸಿಕೊಳ್ಳುತ್ತಲೇ ಚಿತ್ರಾನ್ನಕ್ಕೆ ಒಗ್ಗರಣೆ ಕೊಟ್ಟಳು. ಮೊಮ್ಮಗಳು 'ಮರ್ರಾಯ'ದ ಏಳೂ ಅಕ್ಷರಗಳನ್ನು ತಡವರಿಸದೆ ಹೇಳಿ, ತಟ್ಟೆಯಲ್ಲಿದ್ದ ಕರಿಬೇವಿನ ಎಲೆಗಳನ್ನು ಒಂದೂ ಬಿಡದೆ ಆರಿಸಿ ಪಕ್ಕಕ್ಕಿಟ್ಟಳು.