ರಿವರ್ಸ್ ಗೇರಿಲ್ಲದ ಸವಾರಿ

ಕ್ರೂಸರ್ ಬೈಕು ಕೊಳ್ಳುವವರು ಮೈಲೇಜ್ ಕೇಳುತ್ತಾರೆ, ಸಿ.ಸಿ. ಕೇಳುತ್ತಾರೆ, ಸೈಲೆನ್ಸರ್ ಸದ್ದಿಗೆ ಕಣ್ಣು ಮುಚ್ಚಿ ತಲೆದೂಗುತ್ತಾರೆ. ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ತಳ್ಳುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೊಳಲ್ಕೆರೆಯಲ್ಲಿ ಕೂತು ಲಡಾಖಿನ ಕನಸು ಕಾಣುತ್ತಿದ್ದ ನಾನಂತೂ ಕೇಳಲಿಲ್ಲ.

ನನ್ನ ಎತ್ತರ ಐದಡಿ ಮೂರಿಂಚು, ಅದೂ ಚಪ್ಪಲಿ ಸೇರಿಸಿ. ಹಾಗಾಗಿ ನನ್ನ ಸಂಶೋಧನೆಯೆಲ್ಲ ಸೀಟಿನ ಎತ್ತರದ ಮೇಲೇ ನಡೆಯಿತು. ಹೋಂಡಾ ಹೈನೆಸ್ 350ರದು 800 ಮಿ.ಮೀ., ದೂರದಿಂದಲೇ ಕೈಮುಗಿದೆ. ಮೀಟಿಯರ್ 350ರದು 765, ಸೂಪರ್ ಮೀಟಿಯರ್ 650ರದು 740, ಅವೆಂಜರ್ 220ರದು 737. ಪಕ್ಕದಲ್ಲೇ ತೂಕವನ್ನೂ ಬರೆದಿದ್ದರು: ಮೀಟಿಯರ್ 191 ಕೆ.ಜಿ., ಅದರ ಅಣ್ಣ 241, ಅವೆಂಜರ್ 163. ಅಡಿಕೆ ಮೂಟೆಯಲ್ಲಿ ಅರ್ಧ ಕೆ.ಜಿ. ಏರುಪೇರಾದರೂ ಮಂಡಿಯಲ್ಲಿ ಜಗಳಕ್ಕೆ ನಿಲ್ಲುವ ನಾನು, ಇಲ್ಲಿ ಮಾತ್ರ ‘ಎಳೆಯುವುದು ಎಂಜಿನ್ ತಾನೇ’ ಎಂದು ಆ ಸಾಲನ್ನು ದಾಟಿದೆ.

ಚಿತ್ರದುರ್ಗದ ಶೋರೂಮಿನ ಹುಡುಗ ‘ಕೂತು ನೋಡಿ ಸಾರ್’ ಎಂದ. ಕೂತೆ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿದವು! ಬೈಕಿನ ಮೇಲೆ ನನಗೆ ಇಂಥ ಭಾಗ್ಯ ಅದುವರೆಗೂ ಒದಗಿರಲಿಲ್ಲ. ಓಡಿಸಿ ನೋಡುವುದನ್ನೂ ಮರೆತು ಅಡ್ವಾನ್ಸ್ ಕೊಟ್ಟೆ. ಯಾವ ಬೈಕು ಎಂದು ಹೇಳುವುದಿಲ್ಲ. ನನ್ನ ಕಾರಣಕ್ಕೆ ಅದರ ಮರ್ಯಾದೆ ಏಕೆ ಹೋಗಬೇಕು?

ಲಡಾಖಿಗೆ ಮುಂಚೆ ತಾಲೀಮು ಬೇಡವೇ? ಹೊಳಲ್ಕೆರೆಯಿಂದ ಹೊಸದುರ್ಗ, ಅಲ್ಲಿಂದ ಮಾರಿಕಣಿವೆ, ಹಿರಿಯೂರಿನಲ್ಲಿ ಹೈವೇ ಹಿಡಿದು ಚಿತ್ರದುರ್ಗ, ಮತ್ತೆ ಮನೆ. ನಮ್ಮೂರ ಬಯಲು ಗಣಪನಿಗೆ ಕಾಯಿ ಒಡೆದು ಹೊರಟೆ. 1475ರಿಂದ ಬಿಸಿಲು ಮಳೆಗೆ ಜಗ್ಗದೆ ಕೂತಿರುವ ಅವನಿಗಿಂತ ದೀರ್ಘ ಪ್ರಯಾಣದ ಕೂರುವಿಕೆ ಗೊತ್ತಿರುವವರು ಯಾರು?

ಕೂರುವುದರಲ್ಲೇ ತಾಪತ್ರಯ. ಕ್ರೂಸರಿನಲ್ಲಿ ಫುಟ್‌ರೆಸ್ಟ್ ಮುಂದಿರುತ್ತದೆ. ಫೋಟೊಗೆ ರಾಜಗಾಂಭೀರ್ಯ, ಹಂಪಿಗೆ ಸರ್ವನಾಶ. ಮಾಮೂಲಿ ಬೈಕಿನಲ್ಲಿ ಪಾದ ಊರಿ ಸ್ವಲ್ಪ ಮೇಲೆದ್ದರೆ ಹೊಡೆತ ಮಂಡಿಗೆ ಹಂಚಿಹೋಗುತ್ತದೆ. ಇಲ್ಲಿ ಏಳಲು ಕಾಲು ಕೆಳಗಿದ್ದರೆ ತಾನೇ! ಪ್ರತಿ ಹಂಪೂ ನೇರವಾಗಿ ಬೆನ್ನುಮೂಳೆಯ ಬುಡಕ್ಕೇ ಅರ್ಜಿ ಹಾಕುತ್ತಿತ್ತು. ನಮ್ಮ ಊರುಗಳಲ್ಲಿ ಮನೆಗೊಂದು ಹಂಪು ಬೇರೆ.

ಹೊಸದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಂಪನಿಯವರು ಕೋಟಿ ಸುರಿದು ಅವನ್ನು ಅಲ್ಲೇ ನೆಟ್ಟಿದ್ದಾರೆಂದರೆ ಗಾಳಿ ಇದೆ ಎಂದೇ ಅರ್ಥ. ಇಷ್ಟು ನನಗೆ ಹೊಳೆಯಬೇಕಿತ್ತು. ಲಡಾಖಿಗೆಂದು ಮುಂದೆ ದೊಡ್ಡ ವಿಂಡ್‌ಶೀಲ್ಡ್, ಹಿಂದೆ ಎರಡೂ ಬದಿಗೆ ಚೀಲ ಕಟ್ಟಿದ್ದೆ. ಅಡ್ಡಗಾಳಿ ಬೀಸಿದಾಗಲೆಲ್ಲ ಗಾಡಿ ನನ್ನನ್ನು ಕೇಳದೆ ಪಕ್ಕದ ತೆಂಗಿನ ತೋಟ ನೋಡಲು ಹೊರಡುತ್ತಿತ್ತು.

ಮಾರಿಕಣಿವೆಯಲ್ಲಿ ಜನವೋ ಜನ. 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಮತ್ತೆ ಬಿದ್ದಿತ್ತು, ಅದನ್ನೇ ನೋಡಲು ಎಲ್ಲರೂ ಬಂದಿದ್ದರು. ನಾನು ಠೀವಿಯಿಂದ ಬಂದು ಇಳಿಜಾರಿನಲ್ಲಿ, ಮುಂದಿನ ಗಾಲಿ ಗೋಡೆಗೆ ತಾಗುವಂತೆ ನಿಲ್ಲಿಸಿದೆ. ನೀರು ನೋಡಿದೆ, ಮಿರ್ಚಿ ತಿಂದೆ. ವಾಪಸು ಬಂದು ಕೂತು ಪಾದ ಒತ್ತಿದೆ. ಗಾಡಿ ಅಲ್ಲಾಡಲಿಲ್ಲ. ಇಳಿದು ಹ್ಯಾಂಡಲ್ ಜಗ್ಗಿದೆ. ಚಪ್ಪಲಿ ಜಾರಿತೇ ವಿನಾ ಚಕ್ರ ಜಾರಲಿಲ್ಲ. ಎರಡೂ ಪಾದ ನೆಲಕ್ಕೆ ತಾಗಿದರೆ ಸಾಲದು, ಆ ಪಾದಗಳಲ್ಲಿ ಕಸುವೂ ಇರಬೇಕು ಎಂದು ಶೋರೂಮಿನಲ್ಲಿ ಯಾರೂ ಹೇಳಿರಲಿಲ್ಲ. ಕೋಡಿ ನೋಡುತ್ತಿದ್ದವರು ಒಬ್ಬೊಬ್ಬರಾಗಿ ಈ ಕಡೆ ತಿರುಗಿದರು. ಒಂದು ಮಗು ಅಪ್ಪನ ಹೆಗಲೇರಿತು.

ಕೊನೆಗೆ ಲಗೇಜ್ ಆಟೋದವನೊಬ್ಬ ಇಬ್ಬರು ಹುಡುಗರನ್ನು ಕರೆದು, ಗಾಡಿಯನ್ನು ನನ್ನ ಸಮೇತ ಎಳೆದು ರಸ್ತೆಗೆ ನಿಲ್ಲಿಸಿದ. ಕೈ ಒರೆಸಿಕೊಳ್ಳುತ್ತಾ, ‘ಎಷ್ಟಾಯ್ತು ಯಜಮಾನ್ರೇ ಇದ್ಕೆ?’ ಎಂದ. ಹೇಳಿದೆ. ‘ಅಷ್ಟು ಕೊಟ್ರೂ ರಿವರ್ಸ್ ಗೇರ್ ಕೊಟ್ಟಿಲ್ವಾ? ನಮ್ ಆಟೋಗೇ ಐತಲ್ಲ!’

ಆ ಮಾತು ಚಿತ್ರದುರ್ಗದವರೆಗೂ ಕೊರೆಯಿತು. ರಾತ್ರಿ ಊಟಕ್ಕೆ ಕೂತಾಗ, ಹೋಂಡಾದವರ ಗೋಲ್ಡ್ ವಿಂಗ್ ಎಂಬ ಬೈಕಿಗೆ ರಿವರ್ಸ್ ಇದೆ, ಬೆಲೆ ಮಾತ್ರ ಹತ್ತಾರು ಲಕ್ಷ ಎಂದು ಮೆಲ್ಲಗೆ ಮಾತು ತೆಗೆದೆ. ನನ್ನವಳು ಏನೂ ಹೇಳಲಿಲ್ಲ. ಸಾರು ಬಡಿಸಿ ಒಳಗೆ ಹೋದಳು. ತೋಟದ ಪತ್ರಗಳಿದ್ದ ಬೀರುವಿಗೆ ಬೀಗ ಹಾಕಿದ ಸದ್ದು ಕೇಳಿಸಿತು.